ತಲೆಕೆಳಗಾಗಿ ಹಾರಿ ಬದುಕಿದ ನೀಲ್ ವಿಲಿಯಮ್ಸ್

ಗಾಡಿಯ ಕಡಾಣಿ ಕಳಚಿದರೆ ನೆಲಕ್ಕೆ ಜಿಗಿದು ಪಾರಾಗಬಹುದು; ಆಕಾಶದಲ್ಲಾದರೆ ಏನು ಮಾಡೋದು? ನೀಲ್ ವಿಲಿಯಮ್ಸ್ ಬ್ರಿಟನ್ನಿನ ವಾಯುಪಡೆಯಲ್ಲಿ ಪಳಗಿದವರು, ವಿಮಾನ ಕಸರತ್ತಿನ ಚಾಂಪಿಯನ್. 1970ರ ಜೂನ್ 3ರಂದು ಅಭ್ಯಾಸ ಮಾಡುವಾಗ ಅವರ ಜ್ಲಿನ್ ವಿಮಾನದ ಎಡರೆಕ್ಕೆ ಬುಡದಲ್ಲಿ ಮುರಿದು ಮೇಲಕ್ಕೆ ಮಡಚತೊಡಗಿತು. ಹಿಂದೆ ಬಲ್ಗೇರಿಯಾದ ಪೈಲಟ್ ಒಬ್ಬನಿಗೂ ಹೀಗೇ ಆಗಿದ್ದನ್ನು ಅವರು ಕೇಳಿದ್ದರು. ಅದು ನೆನಪಾಗಿ ವಿಮಾನವನ್ನೇ ಮಗುಚಿಹಾಕಿದರು. ಗಾಳಿಯ ಒತ್ತಡಕ್ಕೆ ರೆಕ್ಕೆ ತನ್ನ ಜಾಗಕ್ಕೆ ಬಂದು ಕೂತಿತು. ತಲೆಕೆಳಗಾಗಿಯೇ ಸುತ್ತು ಹಾಕಿ, ನೆಲ ಮುಟ್ಟೋ ಹೊತ್ತಿಗೆ ನೆಟ್ಟಗೆ ತಿರುಗಿಸಿ, ಹೊಟ್ಟೆಯ ಮೇಲೆ ಇಳಿಸಿದರು. ನಡೆದುಕೊಂಡೇ ಹೊರಗೆ ಬಂದರು. 1977ರ ಡಿಸೆಂಬರಿನಲ್ಲಿ ಹಳೇ ಬಾಂಬರ್ ವಿಮಾನವೊಂದನ್ನು ಸ್ಪೇನಿನಿಂದ ತರುವಾಗ ಬೆಟ್ಟಕ್ಕೆ ಬಡಿದು ತೀರಿಕೊಂಡರು. ಇನ್ನೊಬ್ಬನ ಅನುಭವ ಕೇಳಿ ಬದುಕಿದವರು, ತಮ್ಮ ವಿದ್ಯೆಯನ್ನೂ ಬಚ್ಚಿಟ್ಟುಕೊಳ್ಳದೆ 1975ರಲ್ಲೇ ಪುಸ್ತಕ ಮಾಡಿ ಕೊಟ್ಟಿದ್ದರು.