ಸತ್ಯವೀರ ಸಾಕ್ರಟೀಸ್

ಮನುಷ್ಯನಿಗೆ ಸ್ವಾತಂತ್ರ್ಯ ಬೇಕು. ಸಮಾಜಕ್ಕೆ ಕಾನೂನು ಬೇಕು. ಇವೆರಡರ ನಡುವೆ ಮನಸ್ಸಾಕ್ಷಿ ಎಂಬುದೊಂದು ನಮ್ಮೆಲ್ಲರ ಒಳಗೂ ಇದೆ. ಮೂರೂ ಒಂದೇ ದಾರಿಯಲ್ಲಿ ನಡೆಯುವಷ್ಟು ದಿನ ನಮಗೆ ತೊಂದರೆಯಿಲ್ಲ. ಆದರೆ ಕಾನೂನು ಒಂದು ಕಡೆಗೂ ಮನಸ್ಸಾಕ್ಷಿ ಮತ್ತೊಂದು ಕಡೆಗೂ ಎಳೆದರೆ ನಾವು ಏನು ಮಾಡಬೇಕು? ಈ ಪ್ರಶ್ನೆಯನ್ನು ಪುಸ್ತಕದಲ್ಲಿ ಅಲ್ಲ, ಬಾಳಿನಲ್ಲಿಯೇ ಎದುರಿಸಿ, ಪ್ರಾಣವನ್ನು ಪಣವಾಗಿಟ್ಟು ಉತ್ತರಿಸಿದವನು ಗ್ರೀಸ್ ದೇಶದ ಸಾಕ್ರಟೀಸ್. ಅವನು ತೀರಿಕೊಂಡು 2400 ವರ್ಷಗಳು ಕಳೆದಿವೆ. ಆದರೂ ಅವನ ಜೀವನವನ್ನು ನಮ್ಮ ವಿದ್ಯಾರ್ಥಿಗಳು ಅರಿತಿರಬೇಕೆಂದು ನಮಗೆ ಅನಿಸುತ್ತದೆ.

ಸಾಕ್ರಟೀಸ್ ಹುಟ್ಟಿದ್ದು ಕ್ರಿ.ಪೂ. 470ರ ಸುಮಾರಿಗೆ, ಅಥೆನ್ಸ್ ನಗರದಲ್ಲಿ. ತಂದೆ ಕಲ್ಲುಕುಟಿಗ, ತಾಯಿ ಸೂಲಗಿತ್ತಿ. ನೋಡಲು ಅವನು ಚೆಲುವನಲ್ಲ. ಚಪ್ಪಟೆ ಮೂಗು, ಉಬ್ಬಿದ ಕಣ್ಣುಗಳು. ಚಳಿಗಾಲದಲ್ಲಿಯೂ ಬರಿಗಾಲಿನಲ್ಲಿ ನಡೆಯುತ್ತಿದ್ದ. ಕ್ಸಾಂತಿಪ್ಪೆ ಎಂಬವಳನ್ನು ಮದುವೆಯಾಗಿದ್ದ, ಮೂವರು ಗಂಡುಮಕ್ಕಳು. ಯುದ್ಧ ಬಂದಾಗ ಸಾಮಾನ್ಯ ಕಾಲಾಳಾಗಿ ಮೂರು ದಂಡಯಾತ್ರೆಗಳಲ್ಲಿ ಊರಿಗಾಗಿ ಹೋರಾಡಿ ಧೈರ್ಯಶಾಲಿ ಎನಿಸಿಕೊಂಡಿದ್ದ.

ಅವನು ಶಾಲೆಯನ್ನು ತೆರೆಯಲಿಲ್ಲ, ಶುಲ್ಕವನ್ನು ಕೇಳಲಿಲ್ಲ, ಒಂದು ಪುಸ್ತಕವನ್ನೂ ಬರೆಯಲಿಲ್ಲ. ಅವನ ವಿಷಯ ನಮಗೆ ತಿಳಿಯುವುದು ಮುಖ್ಯವಾಗಿ ಅವನ ಶಿಷ್ಯರಾದ ಪ್ಲೇಟೋ ಮತ್ತು ಕ್ಸೆನೊಫನ್ ಬರೆದಿಟ್ಟುದರಿಂದ. ಪೇಟೆಯ ಬೀದಿ, ವ್ಯಾಯಾಮಶಾಲೆ, ಗೆಳೆಯರ ಮನೆಯ ಜಗಲಿ ಇವೇ ಅವನ ಪಾಠಶಾಲೆಗಳು. ಎದುರಿಗೆ ಸಿಕ್ಕವರನ್ನು ನಿಲ್ಲಿಸಿ, ನ್ಯಾಯವೆಂದರೇನು, ಧೈರ್ಯವೆಂದರೇನು, ಭಕ್ತಿಯೆಂದರೇನು ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುವನು. ತಮಗೆಲ್ಲ ಗೊತ್ತಿದೆ ಎಂದು ಬೀಗುತ್ತಿದ್ದ ದೊಡ್ಡವರು ಕೊನೆಗೆ ಉತ್ತರವಿಲ್ಲದೆ ನಿಲ್ಲುವರು. ಅವನಿಗಿಂತ ಜ್ಞಾನಿ ಯಾರೂ ಇಲ್ಲವೆಂದು ಡೆಲ್ಫಿಯ ದೇವಸ್ಥಾನದಲ್ಲಿ ದೈವವಾಣಿಯಾಯಿತಂತೆ. ಅದರ ಅರ್ಥವನ್ನು ಹುಡುಕುತ್ತಾ ಹೋದ ಅವನಿಗೆ ಹೊಳೆದದ್ದು ಇಷ್ಟೇ: ತನಗೆ ತಿಳಿಯದು ಎಂಬುದು ತನಗೆ ತಿಳಿದಿದೆ, ಉಳಿದವರಿಗೆ ಅದೂ ತಿಳಿದಿಲ್ಲ. ಇಂತಹ ಮನುಷ್ಯನನ್ನು ತರುಣರು ಮೆಚ್ಚಿಕೊಂಡರು. ಮುಖಭಂಗಗೊಂಡವರು ಮನಸ್ಸಿನಲ್ಲಿಯೇ ಹಗೆ ಸಾಧಿಸಿದರು.

ಕ್ರಿ.ಪೂ. 406ರಲ್ಲಿ ಮೊದಲನೆಯ ಪರೀಕ್ಷೆ ಬಂತು. ಅರ್ಗಿನೂಸೆ ದ್ವೀಪಗಳ ಬಳಿ ನಡೆದ ನೌಕಾಯುದ್ಧದಲ್ಲಿ ಅಥೆನ್ಸ್ ಗೆದ್ದಿತು. ಆದರೆ ಬಿರುಗಾಳಿಯೆದ್ದ ಕಾರಣ, ಮುರಿದ ಹಡಗುಗಳಲ್ಲಿದ್ದ ತಮ್ಮವರನ್ನು ಸೇನಾಪತಿಗಳಿಗೆ ಕಾಪಾಡಲಾಗಲಿಲ್ಲ. ಜನ ರೊಚ್ಚಿಗೆದ್ದರು. ಆಪಾದಿತ ಸೇನಾಪತಿಗಳೆಲ್ಲರಿಗೂ ಒಂದೇ ಮತದಲ್ಲಿ ಮರಣದಂಡನೆ ವಿಧಿಸಬೇಕೆಂಬ ಸೂಚನೆ ಜನಸಭೆಯ ಮುಂದೆ ಬಂತು. ಒಬ್ಬೊಬ್ಬನನ್ನು ಪ್ರತ್ಯೇಕವಾಗಿ ವಿಚಾರಿಸಬೇಕೆಂಬುದು ಅಲ್ಲಿಯ ಕಾನೂನು. ಸಭೆಯನ್ನು ನಡೆಸುವ ಸರದಿ ಆಗ 50 ಮಂದಿಯದು. ಅವರಲ್ಲಿ ಸಾಕ್ರಟೀಸನೂ ಒಬ್ಬ. ಅಡ್ಡಬಂದವರನ್ನೂ ಅದೇ ಅಪರಾಧಕ್ಕೆ ಗುರಿಮಾಡುತ್ತೇವೆಂದು ಗುಂಪು ಕೂಗಿದಾಗ ಉಳಿದವರೆಲ್ಲ ಬೆದರಿ ಒಪ್ಪಿದರು. ಸಾಕ್ರಟೀಸನೊಬ್ಬನೇ ಕೊನೆಯವರೆಗೂ ಒಪ್ಪಲಿಲ್ಲ. ಆದರೂ ಸೂಚನೆ ಗೆದ್ದಿತು. ಊರಿನಲ್ಲಿದ್ದ ಆರು ಮಂದಿ ಸೇನಾಪತಿಗಳನ್ನು ಕೊಂದರು. ಮುಂದೆ ಅದೇ ಜನ ಪಶ್ಚಾತ್ತಾಪಪಟ್ಟರು. ಹೋದ ಪ್ರಾಣ ಮರಳಿ ಬರಲಿಲ್ಲ.

ಎರಡನೆಯ ಪರೀಕ್ಷೆ ಬಂದುದು ಕ್ರಿ.ಪೂ. 404ರ ಬಳಿಕ. ಸ್ಪಾರ್ಟದ ಎದುರು ಅಥೆನ್ಸ್ ಸೋತು, ಮೂವತ್ತು ಮಂದಿಯ ಕ್ರೂರ ಆಡಳಿತ ಊರನ್ನು ಹಿಡಿಯಿತು. ಅವರು ಸಾಕ್ರಟೀಸನನ್ನೂ ಬೇರೆ ನಾಲ್ವರನ್ನೂ ಕರೆಸಿ, ಸಾಲಮಿಸ್ ದ್ವೀಪದ ಲಿಯಾನ್ ಎಂಬವನನ್ನು ಕೊಲ್ಲುವುದಕ್ಕಾಗಿ ಹಿಡಿದು ತರುವಂತೆ ಆಜ್ಞಾಪಿಸಿದರು. ನಾಲ್ವರು ಸಾಲಮಿಸ್ಸಿಗೆ ಹೋದರು. ಸಾಕ್ರಟೀಸನು ನೆಟ್ಟಗೆ ತನ್ನ ಮನೆಗೆ ಹೋದನು. ಆ ಆಡಳಿತ ಬೇಗನೆ ಉರುಳದಿದ್ದರೆ ಅವನ ತಲೆ ಅಂದೇ ಉರುಳುತ್ತಿತ್ತು.

ಪ್ರಜಾಪ್ರಭುತ್ವ ಮರಳಿ ಬಂದರೂ ಜನರ ಮನಸ್ಸಿನ ಗಾಯ ಮಾಯಲಿಲ್ಲ. ಆ ಮೂವತ್ತು ಮಂದಿಯ ಮುಂದಾಳು ಕ್ರೀಟಿಯಸ್ ಒಂದು ಕಾಲದಲ್ಲಿ ಸಾಕ್ರಟೀಸನ ಸಂಗದಲ್ಲಿದ್ದವನು. ಶತ್ರುಪಕ್ಷಕ್ಕೆ ಹೋಗಿದ್ದ ಆಲ್ಸಿಬಿಯಡೀಸನೂ ಅವನ ಒಡನಾಡಿಯೇ. ಈ ಸಂಶಯಗಳೆಲ್ಲ ಒಟ್ಟಾಗಿ ಕ್ರಿ.ಪೂ. 399ರಲ್ಲಿ ಮೆಲೀಟಸ್, ಆನಿಟಸ್, ಲೈಕನ್ ಎಂಬ ಮೂವರು ದೂರು ಕೊಟ್ಟರು. ಊರ ದೇವರುಗಳನ್ನು ಮನ್ನಿಸುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ತರುಣರನ್ನು ಕೆಡಿಸುತ್ತಾನೆ ಎಂಬುದು ಆರೋಪ. ವಿಚಾರಣೆಗೆ ಕುಳಿತವರು ಸುಮಾರು 500 ಮಂದಿ ನಾಗರಿಕರು. ಸಾಕ್ರಟೀಸನು ಅಳಲಿಲ್ಲ, ಮಕ್ಕಳನ್ನು ಮುಂದೆ ನಿಲ್ಲಿಸಿ ಕರುಣೆ ಬೇಡಲಿಲ್ಲ. ಪ್ರಶ್ನಿಸುವುದನ್ನು ಬಿಟ್ಟರೆ ಬಿಡುಗಡೆ ಎಂದು ಹೇಳಿದರೂ ಅಂತಹ ಬಿಡುಗಡೆ ತನಗೆ ಬೇಡವೆಂದನು; ಅದು ದೇವರು ತನಗೆ ವಹಿಸಿದ ಕೆಲಸವೆಂದೇ ಅವನ ನಂಬಿಕೆ. 30 ಮತಗಳು ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಅವನು ಉಳಿಯುತ್ತಿದ್ದ. ಬರಲಿಲ್ಲ. ಶಿಕ್ಷೆ ಯಾವುದೆಂದು ಕೇಳಿದಾಗ, ಊರಿಗೆ ಉಪಕಾರ ಮಾಡಿದವರಿಗೆ ಸಲ್ಲುವ ಸರಕಾರಿ ಊಟ ತನಗೆ ತಕ್ಕುದೆಂದನು. ಕೊನೆಗೆ ಗೆಳೆಯರ ಜಾಮೀನಿನ ಮೇಲೆ ದಂಡ ಕಟ್ಟಲು ಒಪ್ಪಿದನು. ಸಭೆ ಮರಣದಂಡನೆಯನ್ನೇ ವಿಧಿಸಿತು.

ಮೂರನೆಯ ಪರೀಕ್ಷೆ ಎಲ್ಲಕ್ಕಿಂತ ಕಠಿಣವಾದುದು. ಡೀಲಾಸ್ ದ್ವೀಪಕ್ಕೆ ಹೋದ ಪವಿತ್ರ ಹಡಗು ಮರಳುವವರೆಗೆ ಯಾರನ್ನೂ ಕೊಲ್ಲಬಾರದೆಂಬ ನಿಯಮವಿದ್ದುದರಿಂದ ಸಾಕ್ರಟೀಸನು ಬಹಳ ದಿನ ಸೆರೆಮನೆಯಲ್ಲಿದ್ದ. ಒಂದು ದಿನ ಬೆಳಗಾಗುವ ಮೊದಲೇ ಹಳೆಯ ಗೆಳೆಯ ಕ್ರೀಟೋ ಬಂದನು. ಹಣ ಸಿದ್ಧವಾಗಿತ್ತು, ಥೆಸಲಿಯಲ್ಲಿ ಆಶ್ರಯವೂ ಸಿದ್ಧವಾಗಿತ್ತು. ಮಕ್ಕಳ ಗತಿಯೇನೆಂದು ಕ್ರೀಟೋ ಕೇಳಿಕೊಂಡನು. ಸಾಕ್ರಟೀಸನು ಒಪ್ಪಲಿಲ್ಲ. ಅವನ ವಿಚಾರದ ಸಾರ ಇದು: ಈ ಊರಿನ ಕಾನೂನುಗಳೇ ತನ್ನನ್ನು ಹೆತ್ತವರಂತೆ ಬೆಳೆಸಿದವು. ಹಿಡಿಸದಿದ್ದರೆ ಊರು ಬಿಡುವ ಸ್ವಾತಂತ್ರ್ಯ 70 ವರ್ಷ ತನಗಿತ್ತು, ಬಿಡಲಿಲ್ಲ. ಕಾನೂನು ತಪ್ಪೆನಿಸಿದರೆ ವಾದಿಸಿ ಒಪ್ಪಿಸುವ ಅವಕಾಶವಿತ್ತು, ಒಪ್ಪಿಸಲಾಗಲಿಲ್ಲ. ತೀರ್ಪು ತನಗೆ ವಿರುದ್ಧವಾದಾಗ ಮಾತ್ರ ಮುರಿಯುವುದಾದರೆ, ಯಾವ ಊರು ತಾನೇ ನಿಲ್ಲಬಲ್ಲದು? ತನಗೆ ಅನ್ಯಾಯ ಮಾಡಿದವರು ಮನುಷ್ಯರು, ಕಾನೂನಲ್ಲ.

ಹಡಗು ಬಂದಿತು. ಸಂಜೆ ಸೆರೆಮನೆಯ ಸೇವಕನು ಕಣ್ಣೀರಿಟ್ಟು ಬೀಳ್ಕೊಂಡನು. ಸಾಕ್ರಟೀಸನು ವಿಷದ ಬಟ್ಟಲನ್ನು ಎತ್ತಿ ಶಾಂತನಾಗಿ ಕುಡಿದನು. ಸುತ್ತಲಿದ್ದ ಗೆಳೆಯರು ಅತ್ತಾಗ ಅವನೇ ಅವರನ್ನು ಸಂತೈಸಿದನು. ಕೊನೆಗಳಿಗೆಯಲ್ಲಿ ಅವನು ನೆನೆದದ್ದು ವೈದ್ಯದೇವತೆಗೆ ಸಲ್ಲಬೇಕಾಗಿದ್ದ ಒಂದು ಹುಂಜದ ಹರಕೆಯನ್ನು.

ಈ ಕಥೆ ನಮ್ಮ ದೇಶಕ್ಕೂ ತಲುಪಿತು. ದಕ್ಷಿಣ ಆಫ್ರಿಕದಲ್ಲಿ ಸತ್ಯಾಗ್ರಹ ನಡೆಸುತ್ತಿದ್ದ ಗಾಂಧೀಜಿಯವರು 1908ರಲ್ಲಿ ಸಾಕ್ರಟೀಸನ ನ್ಯಾಯಸಭೆಯ ಭಾಷಣವನ್ನು ಒಬ್ಬ ಸತ್ಯವೀರನ ಕಥೆಯೆಂದು ಗುಜರಾತಿಯಲ್ಲಿ ಬರೆದು ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರು. 1910ರಲ್ಲಿ ಮುಂಬಯಿ ಸರಕಾರ ಆ ಪುಸ್ತಿಕೆಯನ್ನು ನಿಷೇಧಿಸಿತು. ಸತ್ತು ಅಷ್ಟು ಶತಮಾನಗಳಾದ ಮೇಲೂ ಆ ಮುದುಕನ ಮಾತಿಗೆ ಒಂದು ಸಾಮ್ರಾಜ್ಯ ಅಂಜಿತು!

ಒಮ್ಮೆ ಆಜ್ಞೆಯನ್ನು ಮೀರಿದವನು ಇನ್ನೊಮ್ಮೆ ತೀರ್ಪಿಗೆ ತಲೆಬಾಗಿದ್ದೇಕೆ? ನಮಗೆ ಕಾಣುವ ಉತ್ತರ ಹೀಗಿದೆ. ಯಾರ ಅಪ್ಪಣೆಯಾದರೂ ಸರಿ, ತನ್ನ ಕೈಯಿಂದ ಇನ್ನೊಬ್ಬರಿಗೆ ಅನ್ಯಾಯವಾಗಲು ಅವನು ಬಿಡಲಿಲ್ಲ. ಆದರೆ ತಾನು ಅನುಭವಿಸಬೇಕಾದುದನ್ನು ಕದ್ದು ತಪ್ಪಿಸಿಕೊಳ್ಳಲೂ ಇಲ್ಲ. ಅವನ ವಿರೋಧ ಎಲ್ಲರ ಕಣ್ಣೆದುರಿಗೇ ನಡೆಯಿತು; ಅದರ ಬೆಲೆಯನ್ನು ಅವನೇ ತೆತ್ತನು. ಹಾಗೆಂದು ಅವನ ಉತ್ತರ ಎಲ್ಲರಿಗೂ ಸಲ್ಲುತ್ತದೆಯೆ? ಅಥೆನ್ಸಿನಲ್ಲಿ ಹೆಂಗಸರಿಗೂ ಗುಲಾಮರಿಗೂ ಜನಸಭೆಯಲ್ಲಿ ಮತವಿರಲಿಲ್ಲ. ವಾದಿಸುವ ಹಕ್ಕೇ ಇಲ್ಲದವನಿಗೆ ತಲೆಬಾಗು ಎನ್ನುವುದು ಎಷ್ಟು ನ್ಯಾಯ? ನಮ್ಮ ಸಂವಿಧಾನದ 25ನೆಯ ವಿಧಿಯು ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿಯನ್ನೂ ಜೊತೆಗೇ ಹೇಳಿದೆ. ಆ ತಕ್ಕಡಿಯನ್ನು ಪ್ರತಿ ತಲೆಮಾರೂ ಹೊಸದಾಗಿ ಹಿಡಿಯಬೇಕಾಗಿದೆ.

ವಿದ್ಯಾರ್ಥಿಗಳೇ, ವಿಷದ ಬಟ್ಟಲು ನಮ್ಮ ಮುಂದೆ ಬರಲಾರದು. ಆದರೆ ತರಗತಿಯೆಲ್ಲ ಸೇರಿ ನಿರಪರಾಧಿಯೊಬ್ಬನ ಮೇಲೆ ತಪ್ಪು ಹೊರಿಸುವ ದಿನ ಬರಬಹುದು. ಅಂದು ಎಲ್ಲರ ಕೈ ಮೇಲೇರಿದಾಗ ಕೆಳಗೆ ಉಳಿಯುವ ಒಂದು ಕೈ ಸಾಕ್ರಟೀಸನ ಕೈ. ಹೆತ್ತವರಲ್ಲಿ ನಮ್ಮದೊಂದು ಬಿನ್ನಹವಿದೆ: ಮಗು ಏಕೆ ಎಂದು ಕೇಳಿದಾಗ ಗದರಿಸಿ ಸುಮ್ಮನಾಗಿಸಬೇಡಿ. ನಿಯಮದ ಕಾರಣವನ್ನು ತಿಳಿದು ಪಾಲಿಸುವವನೇ ನಾಳೆ ಅದನ್ನು ಕಾಯಬಲ್ಲ, ತಪ್ಪಿದ್ದರೆ ತಿದ್ದಲೂ ಬಲ್ಲ.