ಡಾ. ವಸಂತ ರಾಮಜಿ ಖಾನೋಲಕರ್

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಹಾದಿಯನ್ನು ಅರಿಯದ ಮುಂಬಯಿ ಕನ್ನಡಿಗರು ವಿರಳ. ಊರಿನಿಂದ ರೋಗಿಯನ್ನು ಕರೆತಂದ ನೆಂಟರಿಗೆ ದಾರಿ ತೋರಿಸುವ ಕೆಲಸ ಹೆಚ್ಚಾಗಿ ನಮ್ಮ ಹೋಟೆಲು ಹುಡುಗರ ಪಾಲಿಗೇ ಬರುತ್ತದೆ. ಆ ಆಸ್ಪತ್ರೆಯ ಪ್ರಯೋಗಶಾಲೆಗಳನ್ನು ಕಟ್ಟಿ ನಿಲ್ಲಿಸಿದ ಡಾ. ಖಾನೋಲಕರರ ಹೆಸರು ವೈದ್ಯಲೋಕದಲ್ಲಿ ಸುಪ್ರಸಿದ್ಧವಾದರೂ ಆ ಬೀದಿಯಲ್ಲಿ ಅಡ್ಡಾಡುವ ನಮ್ಮಂಥವರಿಗೆ ಅಷ್ಟಾಗಿ ಪರಿಚಿತವಲ್ಲ.

ಅವರು ಜನಿಸಿದ್ದು 1895ನೆಯ ಇಸವಿ ಏಪ್ರಿಲ್ 13ರಂದು. ಲಂಡನ್ ವಿಶ್ವವಿದ್ಯಾಲಯದಲ್ಲಿ ವೈದ್ಯವಿದ್ಯೆಯನ್ನು ಕಲಿತು, 1923ರಲ್ಲಿ ರೋಗನಿದಾನಶಾಸ್ತ್ರದಲ್ಲಿ ಎಂ.ಡಿ. ಪದವಿಯನ್ನು ಪಡೆದರು. ಅಲ್ಲಿಂದ ಮರಳಿದವರು ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿಯೂ ಬಳಿಕ ಸೇಠ್ ಗೋರ್ಧನದಾಸ್ ಸುಂದರದಾಸ್ ಕಾಲೇಜಿನಲ್ಲಿಯೂ ಪ್ರಾಧ್ಯಾಪಕರಾದರು. ಈ ಎರಡನೆಯ ಕಾಲೇಜು 1926ರಲ್ಲಿ ತೆರೆದುದು. ಅಧ್ಯಾಪಕರೆಲ್ಲರೂ ಭಾರತೀಯರೇ ಆಗಿರತಕ್ಕದ್ದೆಂಬ ಕರಾರಿನ ಮೇಲೆ ಕೊಟ್ಟ ದಾನದಿಂದ ಎದ್ದುದು. ಪರರ ಆಳ್ವಿಕೆಯ ಆ ದಿನಗಳಲ್ಲಿ ಅದು ಸಣ್ಣ ಮಾತಾಗಿರಲಿಲ್ಲ.

ಟಾಟಾ ಆಸ್ಪತ್ರೆ 1941ರಲ್ಲಿ ಆರಂಭವಾದಾಗ ಅಲ್ಲಿನ ಪ್ರಯೋಗಶಾಲೆಗಳ ಹೊಣೆ ಖಾನೋಲಕರರ ಮೇಲೆ ಬಿತ್ತು. ಅರ್ಬುದ ರೋಗ, ಎಂದರೆ ಕ್ಯಾನ್ಸರ್, ಭಾರತೀಯರಲ್ಲಿ ಅಪರೂಪವೆಂಬ ನಂಬಿಕೆ ಹಿಂದಿನಿಂದಲೂ ಬಳಕೆಯಲ್ಲಿತ್ತು. ಗಂಟಿನ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ರೋಗವನ್ನು ಹೆಸರಿಸುವುದಷ್ಟಕ್ಕೆ ಅವರು ತೃಪ್ತರಾಗಲಿಲ್ಲ. ರೋಗಿಯು ಏನನ್ನು ಜಗಿಯುತ್ತಾನೆ, ಏನನ್ನು ಸೇದುತ್ತಾನೆ, ಹೇಗೆ ಉಡುತ್ತಾನೆ ಎಂಬುದನ್ನೂ ವಿಚಾರಿಸಿದರು. ಸುಣ್ಣ ಬೆರೆಸಿದ ತಂಬಾಕನ್ನು ಕೆಳತುಟಿಯ ಒಳಗಿಟ್ಟುಕೊಳ್ಳುವವರಿಗೆ ಅದೇ ಜಾಗದಲ್ಲಿ ಹುಣ್ಣು; ವರ್ಷಗಟ್ಟಲೆ ಸೊಂಟಕ್ಕೆ ಧೋತರವನ್ನು ಬಿಗಿದು ಕಟ್ಟಿದವರಲ್ಲಿ ಕೆಲವರಿಗೆ ಬಿಗಿದ ಕಡೆಯ ಚರ್ಮದಲ್ಲಿ ಗಂಟು. 1945ರಲ್ಲಿ ಇವನ್ನು ಸಹೋದ್ಯೋಗಿಯೊಡನೆ ಪ್ರಕಟಪಡಿಸಿದರು. ರೋಗ ಹಣೆಬರಹದಿಂದಲ್ಲ, ಅಭ್ಯಾಸದಿಂದಲೂ ಬರುವುದೆಂದು ತೋರಿಸಿದ ಮೇಲೆ ಅದನ್ನು ತಡೆಯುವ ಹಾದಿಯೂ ತೆರೆಯಿತು.

ಒಬ್ಬನೇ ಪಂಡಿತನಿಂದ ಇಂಥ ಕೆಲಸ ಸಾಗದು. ಆದುದರಿಂದ ಅವರು ಶಿಷ್ಯರನ್ನು ತಯಾರಿಸಿದರು. ಕಮಲ ರಣದಿವೆಯವರು ಅವರ ಮಾರ್ಗದರ್ಶನದಲ್ಲಿ 1949ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದು, ಗುರುವಿನ ಪ್ರೋತ್ಸಾಹದಿಂದಲೇ ಅಮೇರಿಕೆಗೆ ಹೋಗಿ ಬಂದು, ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ಪ್ರಯೋಗಶಾಲೆಯನ್ನು ಸ್ಥಾಪಿಸಿದರು. ಎಲ್. ಡಿ. ಸಂಘವಿಯವರು ಅಂಕೆಸಂಖ್ಯೆ ಹಾಗೂ ವಂಶವಾಹಿಯ ಅಧ್ಯಯನದಲ್ಲಿ ಹೆಸರಾದರು. 1952ರಲ್ಲಿ ಸ್ಥಾಪಿತವಾದ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರದಲ್ಲಿ ವೈದ್ಯರು, ಜೀವಶಾಸ್ತ್ರಜ್ಞರು, ಲೆಕ್ಕದವರು ಒಂದೇ ಸೂರಿನಡಿ ದುಡಿದರು. ಕುಷ್ಠರೋಗದ ಸಂಶೋಧನೆಯೂ ಅಲ್ಲಿ ನಡೆಯಿತು. ದೇಶದ ರೋಗನಿದಾನತಜ್ಞರ ಸಂಘಕ್ಕೆ ಮೊದಲ ಅಧ್ಯಕ್ಷರೂ ಖಾನೋಲಕರರೇ.

ಅವರೂ ಸಂಘವಿಯವರೂ ಮತ್ತೊಬ್ಬ ಸಹೋದ್ಯೋಗಿಯೂ 1955ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಬರೆದ ಲೇಖನವು ನಮ್ಮ ವಾಚಕರಿಗೆ ಹೆಚ್ಚು ಸಂಬಂಧಿಸಿದ್ದು. ರೋಗಿಗಳ ಅಭ್ಯಾಸಗಳನ್ನು ರೋಗವಿಲ್ಲದವರ ಅಭ್ಯಾಸಗಳೊಡನೆ ಹೋಲಿಸಿ ನೋಡಲಾಗಿ, ತಂಬಾಕು ಜಗಿಯುವವರಲ್ಲಿ ಬಾಯಿಯ ಒಳಭಾಗಕ್ಕೂ ಸೇದುವವರಲ್ಲಿ ಗಂಟಲಿಗೂ ರೋಗ ತಗಲುವ ಸಂಭವ ಹೆಚ್ಚೆಂದು ಕಂಡಿತು. ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ಬೀಡಿ, ಊಟವಾದ ಮೇಲೆ ತಂಬಾಕಿನ ಕವಳ: ಅಡುಗೆಮನೆಯ ಹಿಂಬಾಗಿಲಲ್ಲಿ ಇದನ್ನು ನೋಡದ ಹೋಟೆಲು ಯಜಮಾನನಿಲ್ಲ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆ 2004ರಲ್ಲಿ ಸಾರಿತು. ಅಡಿಕೆ ನಮ್ಮೂರ ತೋಟದ ಬೆಳೆ. ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯಲೇಬೇಕು.

1960ರಿಂದ 1963ರ ವರೆಗೆ ಅವರು ಮುಂಬಯಿ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದರು. ತರುವಾಯ ಹತ್ತು ವರ್ಷ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರು. ಪದ್ಮಭೂಷಣವೂ ಸಂದಿತ್ತು. 1978ರ ಅಕ್ಟೋಬರ್ 29ರಂದು ದಿವಂಗತರಾದರು.

ಅವರ ಸಂಶೋಧನ ಕೇಂದ್ರವು ಆಸ್ಪತ್ರೆಯೊಡನೆ 1966ರಲ್ಲಿ ಒಂದುಗೂಡಿ, ಮುಂದೆ ಪರೇಲಿನಿಂದ ನವಿ ಮುಂಬಯಿಯ ಖಾರ್ಘರಕ್ಕೆ ಸ್ಥಳಾಂತರಗೊಂಡಿತು. ಅಲ್ಲಿನ ಸಂಶೋಧನ ಕಟ್ಟಡಕ್ಕೆ ಖಾನೋಲಕರ್ ಶೋಧಿಕಾ ಎಂದೇ ಹೆಸರು.