ಚಿನ್ನ ಮುಗಿದ ಮೇಲಿನ ಕೆಜಿಎಫ್

ಕೋಲಾರ ಜಿಲ್ಲೆಯ ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿದೆ. ಒಂದು ಕಾಲದಲ್ಲಿ ಭಾರತದ ಚಿನ್ನದ ಬಹುಪಾಲು ಇಲ್ಲಿಂದಲೇ ಬರುತ್ತಿತ್ತು. ಇಲ್ಲಿಯ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದುದನ್ನು 1802ರಲ್ಲಿ ಜಾನ್ ವಾರೆನ್ ಎಂಬ ಬ್ರಿಟಿಷ್ ಅಧಿಕಾರಿ ದಾಖಲಿಸಿದರು. ಮೈಕೆಲ್ ಲ್ಯಾವೆಲ್ ಎಂಬುವರು 1873ರಲ್ಲಿ ಗಣಿ ತೋಡಲು ಮೈಸೂರು ಸರ್ಕಾರದ ಅನುಮತಿ ಕೇಳಿದರು. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಇವರದೇ ಹೆಸರು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ದೊಡ್ಡ ಪ್ರಮಾಣದಲ್ಲಿ ಗಣಿಗಾರಿಕೆ ನಡೆಸಿತು.

ಗಣಿಯ ಯಂತ್ರಗಳಿಗೆ ಕರೆಂಟು ಬೇಕಿತ್ತು. ಅದಕ್ಕಾಗಿಯೇ ಕಾವೇರಿಯ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ಕಟ್ಟಲಾಯಿತು. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ಉದ್ದದ ತಂತಿಯಲ್ಲಿ ವಿದ್ಯುತ್ ಕೆಜಿಎಫ್ ತಲುಪಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿದ್ದು ಅದಾದ ಮೂರು ವರ್ಷಕ್ಕೆ.

ಊರಿನ ಒಂದು ಕಡೆ ಬ್ರಿಟಿಷರ ಬಂಗಲೆ, ಕ್ಲಬ್ಬುಗಳಿದ್ದವು. ಇನ್ನೊಂದು ಕಡೆ ಕಾರ್ಮಿಕರ ಇಕ್ಕಟ್ಟಾದ ಮನೆಸಾಲುಗಳು. ಕಾರ್ಮಿಕರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ಬಡವರು. ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಬಂಡೆ ಮುಟ್ಟಿದರೆ ಕೈ ಸುಡುವಷ್ಟು ಕಾದಿರುತ್ತಿತ್ತು. ಮೇಲಿನ ಭಾರ ತಾಳದೆ ಬಂಡೆ ಒಮ್ಮೆಲೇ ಸಿಡಿದು ಅನೇಕರು ಪ್ರಾಣ ಕಳೆದುಕೊಂಡರು. ಸುಮಾರು 120 ವರ್ಷಗಳಲ್ಲಿ ಹೊರಬಂದ ಅಂದಾಜು 800 ಟನ್ ಚಿನ್ನ ಈ ಜನರ ದುಡಿಮೆಯ ಫಲ.

ವಿಜ್ಞಾನಿಗಳಿಗೂ ಗಣಿಯ ಈ ಆಳ ನೆರವಾಯಿತು. ಆಕಾಶದಿಂದ ಸುರಿಯುವ ಇತರ ಕಣಗಳ ಹಾವಳಿಯನ್ನು ಬಂಡೆ ತಡೆಯುತ್ತಿದ್ದುದರಿಂದ, ಭೂಮಿಯನ್ನೇ ತೂರಿಹೋಗಬಲ್ಲ ನ್ಯೂಟ್ರಿನೊ ಎಂಬ ಕಣಗಳನ್ನು 1965ರಲ್ಲಿ ಇಲ್ಲಿ ಗುರುತಿಸಲು ಸಾಧ್ಯವಾಯಿತು.

ಮೈಸೂರು ರಾಜ್ಯ ಸರ್ಕಾರ 1956ರಲ್ಲಿ ಗಣಿಗಳನ್ನು ವಹಿಸಿಕೊಂಡಿತು. ಬಳಿಕ ಅವು ಕೇಂದ್ರದ ಕೈಸೇರಿದವು. ಅಗೆದಷ್ಟೂ ಖರ್ಚು ಏರಿತು, ಒಂದು ಟನ್ ಅದಿರಿಗೆ ಸಿಗುವ ಚಿನ್ನ ಕೆಲವೇ ಗ್ರಾಂಗೆ ಇಳಿಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಸಾವಿರಾರು ಕುಟುಂಬಗಳು ಸಂಬಳವನ್ನೂ ಗಣಿಯ ಆಸ್ಪತ್ರೆಯನ್ನೂ ಕಳೆದುಕೊಂಡವು.

ಆದರೂ ಊರು ಬರಿದಾಗಲಿಲ್ಲ. ಭಾರಿ ಯಂತ್ರಗಳನ್ನು ತಯಾರಿಸುವ ಬೆಮೆಲ್ ಕಾರ್ಖಾನೆ ಇಲ್ಲಿದೆ. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವರು ಬಹಳ. ರಾಬರ್ಟ್‌ಸನ್‌ಪೇಟೆಯ ಅಂಗಡಿಬೀದಿಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಕೇಳಿಸುತ್ತವೆ. ಅದಿರು ಅರೆದು ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸೈನೈಡ್ ದಿಬ್ಬಗಳಾಗಿ ನಿಂತಿದೆ. ಗಾಳಿ ಬೀಸಿದಾಗ ಅದರ ದೂಳು ಮನೆಗಳಿಗೆ ನುಗ್ಗುತ್ತದೆ. ಈ ದೂಳಿಗೊಂದು ಪರಿಹಾರ, ಊರಿನಲ್ಲೇ ಉದ್ಯೋಗ: ಇವೆರಡು ಕೆಜಿಎಫ್ ಜನರ ಬಹುಕಾಲದ ಬೇಡಿಕೆಗಳು.